ಹಿಂದಕ್ಕೆ ಹೋಗದ ಪಿಕಪ್

ಎಲ್ಮ್‌ಫೋರ್ಡ್, ನೆಬ್ರಾಸ್ಕಾ
ಮಂಗಳವಾರ

ಸ್ಮಶಾನ ಸಮಿತಿಯ ಅಧ್ಯಕ್ಷರಾದ ಶ್ರೀ ಲಿಂಡ್‌ಕ್ವಿಸ್ಟ್ ಅವರಿಗೆ,

ನಿನ್ನೆ ಫೋನಿನಲ್ಲಿ ನೀವು, "ಬಾಡಿಗೆ ಶವವಾಹನ ತರಿಸಿಬಿಡಮ್ಮ ಆರ್ಲೀನ್, ಹಿಂದಿನ ಗೇಟು ತೆಗೆಯೋಕಾಗಲ್ಲ" ಎಂದಿರಿ. ಶವ ಬಂದ ದಿನ ಎರಡೂ ಗೇಟು ತೆರೆದಿರಬೇಕೆಂದು 1968ರಲ್ಲೇ ಊರ ಸಭೆ ತೀರ್ಮಾನಿಸಿದೆ. ಆ ನಡಾವಳಿ ಬರೆದವಳು ನಾನೇ.

ನನ್ನ ಗಂಡ ಡೆಲ್ಮರ್ ಸ್ಮಶಾನಕ್ಕೆ ತಮ್ಮ 1953ರ ಪಿಕಪ್ಪಿನಲ್ಲೇ ಹೋಗಬೇಕೆಂದಿದ್ದರು. ಅದರ ಸ್ಟೀರಿಂಗ್ ಪಕ್ಕದ ಗೇರ್ ಹಿಡಿ ಮುರಿದಿತ್ತು. ಕೊನೆಯ ವಾರ ಅವರು ಕುರ್ಚಿಯಲ್ಲಿ ಕೂತು ಹೇಳಿಕೊಟ್ಟರು, ನಾನು ಹೊಸ ಹಿಡಿ ಕೂರಿಸಿ, ಬಾನೆಟ್ಟಿನೊಳಗೆ ಕೈ ಹಾಕಿ ಗೇರಿನ ಸರಳುಗಳನ್ನು ಜೋಡಿಸಿದೆ. ಮುಂದಕ್ಕೆ ಹೋಗುವ ಮೂರು ಗೇರೂ ಬಿದ್ದವು, ರಿವರ್ಸ್ ಮಾತ್ರ ಬೀಳಲಿಲ್ಲ.

"ಬಿಡೇ ಅದನ್ನ," ಎಂದರು. "ನಾನೇನು ವಾಪಸ್ ಬರ್ತೀನಾ?"

ಮರುದಿನ ತೀರಿಕೊಂಡರು.

ಸ್ಮಶಾನದ ಕಿರುದಾರಿಯಲ್ಲಿ ಗಾಡಿ ತಿರುಗುವುದಿಲ್ಲ. ಮುಂದಿನ ಗೇಟಿನಿಂದ ಬಂದದ್ದು ಹಿಂದಿನ ಗೇಟಿನಿಂದಲೇ ಹೊರಡಬೇಕು. ಗುರುವಾರ ಹತ್ತು ಗಂಟೆಗೆ ಬೀಗ ತೆಗೆಸಿರಿ. ಇಲ್ಲವಾದರೆ ಶವಪೆಟ್ಟಿಗೆ ಹೊತ್ತ ಆರು ಜನರೇ ಗಾಡಿಯನ್ನು ರಸ್ತೆಯವರೆಗೆ ಹಿಂದಕ್ಕೆ ತಳ್ಳಬೇಕಾಗುತ್ತದೆ.

ಹೊರುವವರು ಯಾರೆಂದು ಡೆಲ್ಮರ್ ತಮ್ಮ ಕೈಯಿಂದಲೇ ಬರೆದಿಟ್ಟಿದ್ದಾರೆ. ಮೊದಲ ಹೆಸರು ನಿಮ್ಮದು.

ಇತಿ,
ಆರ್ಲೀನ್ ಸೋರೆನ್‌ಸನ್