ಟೈಲರಣ್ಣನ ಮುಷ್ಟಿ

ಮಾರ್ಚ್ ೧೨, ಗುರುವಾರ

ಆ ರಬ್ಬರ್ ಚೆಂಡಿನ ಜಗಳ ಇವತ್ತಿಗೆ ಮುಗಿಯಿತು. ಗೆದ್ದಿದ್ದು ನಾನು. ಇದನ್ನು ಬೇರೆ ಯಾರೂ ಓದೋದಿಲ್ಲ, ಹಾಗಾಗಿ ಧಾರಾಳವಾಗಿ ಬೀಗುತ್ತೇನೆ.

ಪಾರ್ಶ್ವವಾಯು ಹೊಡೆದ ಮೇಲೆ ಟೈಲರಣ್ಣನ ಕತ್ತರಿ ಹಿಡಿಯುವ ಕೈ ಮುಷ್ಟಿ ಬಿಗಿದುಕೊಂಡೇ ಇತ್ತು. ಮಗಳು ಅದರೊಳಗೆ ಚೆಂಡು ತುರುಕಿ, "ಹಿಸುಕಪ್ಪಾ, ಶಕ್ತಿ ಬರುತ್ತೆ" ಅಂತ ಹಗಲೆಲ್ಲ ಹಿಸುಕಿಸುತ್ತಿದ್ದಳು. ಫಿಸಿಯೋಥೆರಪಿ ಮಾಡಿಸೋಕೆ ನಾನು ಅವರ ಮನೆಗೆ ಹೋದ ಮೊದಲ ದಿನವೇ ಅದನ್ನು ಕಿತ್ತಿಟ್ಟೆ. ಅವಳು ಮುಖ ಊದಿಸಿಕೊಂಡಳು. ಎಷ್ಟು ಸಲ ಬಿಡಿಸಿ ಹೇಳಿದ್ದೇನೆ! ನರಗಳಲ್ಲಿ ಗ್ಲುಟಮೇಟ್ ಅನ್ನೋ ರಾಸಾಯನಿಕ "ನಡಿ, ನಡಿ" ಅಂತ ಹುರಿದುಂಬಿಸುತ್ತೆ, ಗ್ಯಾಬಾ ಅನ್ನೋ ಇನ್ನೊಂದು "ಸಾಕು, ಸುಮ್ನಿರು" ಅಂತ ತಡೆಯುತ್ತೆ. ಎರಡೂ ಒಂದನ್ನೊಂದು ಅಂಕೆಯಲ್ಲಿಟ್ಟರೇನೇ ಕೈ ಹದವಾಗಿ ಆಡೋದು. ಅಣ್ಣನ ಕೈಗೆ "ಸಾಕು" ಅನ್ನೋದು ಸರಿಯಾಗಿ ತಲುಪುತ್ತಿಲ್ಲ. ಆ ಬಿಗಿ ಶಕ್ತಿಯಲ್ಲ, ನಿಲ್ಲಿಸಲು ಬಾರದ ಅವಸ್ಥೆ.

ಇವತ್ತು ನಾನೇ ಚೆಂಡು ಕೊಟ್ಟು, "ಈಗ ಬಿಡಿ ಅಣ್ಣಾ" ಅಂದೆ. ಬೆರಳುಗಳು ನಡುಗಿದವು. ಮಗಳು ಬಿಡಿಸೋಕೆ ಕೈ ಚಾಚಿದಳು, ಅವಳ ಕೈ ಹಿಡಿದುಕೊಂಡೆ. ನನಗೂ ತಡೆಯಲಾಗುತ್ತಿರಲಿಲ್ಲ, ಆದರೂ ತಡೆದುಕೊಂಡೆ. ಮೊದಲು ಹೆಬ್ಬೆರಳು ಸಡಿಲವಾಯಿತು, ಆಮೇಲೆ ಉಳಿದ ಬೆರಳುಗಳು ಒಂದೊಂದಾಗಿ. ಚೆಂಡು ಪುಟಿಯುತ್ತಾ ಬೀರುವಿನ ಕೆಳಗೆ ಹೋಯಿತು.

"ಅಯ್ಯೋ, ಬಿದ್ದೋಯ್ತು!" ಅಂದಳು ಮಗಳು.

ಟೈಲರಣ್ಣ ತಮ್ಮ ಅಂಗೈಯನ್ನೇ ನೋಡುತ್ತಾ, "ಬೀಳಲಿಲ್ಲ ಕಣೇ, ನಾನೇ ಬಿಟ್ಟೆ" ಅಂದರು.

ನಮ್ಮ ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ, ನನಗೆ ನಿದ್ದೆ ಹತ್ತುತ್ತಿಲ್ಲ. ನನ್ನ ತಲೆಗೆ ಮಾತ್ರ ಇನ್ನೂ "ಸಾಕು" ಅನ್ನೋರು ಯಾರೂ...