ಚಳಿಗೆ ಹೆದರದ ನಮ್ಮ ಭತ್ತವನ್ನು ತಿರುಗಿ ಕೊಡಿ

ಬೀಜ ಕಾಯುವ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

2005ರಲ್ಲಿ ನನ್ನ ಗಂಡ ಚಂದಯ್ಯ ನಿಮ್ಮ ಸಂಶೋಧನಾ ಕೇಂದ್ರಕ್ಕೆ ಒಣಹುಲ್ಲಿನಲ್ಲಿ ಸುತ್ತಿ ಕಟ್ಟಿದ ಒಂದು ಮುಡಿ ಬಿತ್ತನೆ ಭತ್ತ ಕೊಟ್ಟರು. ಅದನ್ನು ನೀವು ಇವತ್ತಿನವರೆಗೂ ತಿರುಗಿ ಕೊಟ್ಟಿಲ್ಲ. ನಾಲ್ಕು ಸುಗ್ಗಿ ಕಾದು ಅವರು ಹೋಗಿಬಿಟ್ಟರು. ಅಂಚೆಯಲ್ಲಿ ಕಳಿಸಿದ ಕಾಗದಕ್ಕೆ ನಿಮ್ಮಲ್ಲಿ ಉತ್ತರ ಹುಟ್ಟುವುದಿಲ್ಲವಾದ್ದರಿಂದ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಬಿಜೂರಿನಲ್ಲಿ ನಮ್ಮ ಗದ್ದೆ ಇರುವುದು ಗುಡ್ಡದ ಬುಡದಲ್ಲಿ. ಮಾಗಿಯಲ್ಲಿ ಅಲ್ಲಿನ ತೋಡಿನ ನೀರಿಗೆ ಇಳಿದರೆ ಕಾಲು ಜೋಮು ಹಿಡಿಯುತ್ತದೆ. ಬೇರೆ ಯಾವ ತಳಿ ಹಾಕಿದರೂ ಚಳಿಗಾಲದ ಸುಗ್ಗಿ ಬೆಳೆಯಲ್ಲಿ ತೆನೆಯೇನೋ ಬರುತ್ತದೆ, ಕಾಳು ಕಟ್ಟುವುದಿಲ್ಲ, ಬರೀ ಜೊಳ್ಳು. ನಮ್ಮವರ ಅಜ್ಜನ ಕಾಲದ ಕೆಂಪು ಭತ್ತವೊಂದೇ ಆ ಚಳಿಗೆ ಜಗ್ಗುತ್ತಿರಲಿಲ್ಲ. ಸುದ್ದಿ ತಿಳಿದು ನಿಮ್ಮ ಯುವ ವಿಜ್ಞಾನಿಯೊಬ್ಬಳು ಬಂದಳು. ಒಳ್ಳೆಯ ಹುಡುಗಿ. ಚಳಿ ತಾಗಿದ ಕೂಡಲೇ ಗಿಡದೊಳಗೆ ಒಂದು ಜೀನ್ ಎಚ್ಚರವಾಗುತ್ತದಂತೆ, ಅದು ಇನ್ನು ಹತ್ತಾರನ್ನು ಎಬ್ಬಿಸುತ್ತದಂತೆ, ಅವೆಲ್ಲ ಸೇರಿ ಜೀವಕೋಶದ ಪೊರೆ ಹಾಳಾಗದಂತೆ, ಪರಾಗ ಸಾಯದಂತೆ ಕಾಯುತ್ತವಂತೆ. ಬೇರೆ ಭತ್ತದಲ್ಲಿ ಅವು ಏಳುವುದು ತಡ, ಈ ಭತ್ತದಲ್ಲಿ ಬೇಗ ಏಳುತ್ತಿರಬೇಕು, ಪರೀಕ್ಷಿಸಿ ನೋಡಬೇಕು ಎಂದಳು.

"ಹಾಂಗಾರೆ ನಮ್ಮಬ್ಬಿ ಕಣಂಗೆ! ಅವ್ಳ್ ಎದ್ಲಂದ್ರೆ ಮನಿಯಂಗೆ ಮತ್ಯಾರೂ ಮಲ್ಗುಕಿಲ್ಲೆ" ಎಂದು ನಮ್ಮವರು ಮನೆಮಂದಿಯನ್ನೆಲ್ಲ ಎಬ್ಬಿಸುತ್ತಿದ್ದ ತಾಯಿಯನ್ನು ನೆನೆದು ನಕ್ಕರು.

ಅವಳು ಕೇಳಿದ್ದು ಒಂದು ಹಿಡಿ. ಆದರೆ ನಮ್ಮ ಮನೆಯಲ್ಲಿ ಬಿತ್ತಿನ ಮುಡಿಯ ಹಗ್ಗ ಬಿಚ್ಚುವುದು ಬೀಜ ನೆನೆಹಾಕುವ ದಿನ ಮಾತ್ರ. ನಡುವೆ ಬಿಚ್ಚಿದರೆ ಅದು ಬಿತ್ತಲ್ಲ, ಉಣ್ಣುವ ಭತ್ತ. ಹಾಗಾಗಿ ಇದ್ದ ಒಂದೇ ಮುಡಿಯನ್ನು ಅಟ್ಟದಿಂದ ಇಳಿಸಿ ಜೀಪಿಗೆ ಹಾಕಿಯೇಬಿಟ್ಟರು. ನಾನು ಒಳಗೆ ಕರೆದು ಜಗಳ ತೆಗೆದೆ.

"ಬಿತ್ತ್ ಕೇಂಡ್ ಬಂದವ್ರಿಗೆ ಇಲ್ಲ ಅಂಬುಕಾತ್ತಾ? ಬೆಳ್ದ್ ತಿರ್ಗ್ ಕೊಡ್ತ್ರ್, ಹೆದ್ರ್ಬೇಡ ಮಾರಾಯ್ತಿ" ಎಂದರು.

ನಮ್ಮ ಬೈಲಿನಲ್ಲಿ ಬೀಜ ಒಯ್ದವರು ಕೊಯ್ಲು ಮುಗಿಸಿ ತಾವಾಗಿ ತಂದಿಳಿಸುತ್ತಾರೆ. ಕಾಗದವಿಲ್ಲ, ಸಹಿಯಿಲ್ಲ. ಘನ ಸರ್ಕಾರ ನಮ್ಮ ಬೈಲಿನವರಲ್ಲ ಎಂಬುದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ.

ಹುಡುಗಿಗೆ ವರ್ಗವಾಯಿತು. ನಾವು ಎರಡು ಸಲ ನಿಮ್ಮ ಬಾಗಿಲಿಗೆ ಬಂದೆವು. ಮಾದರಿ ಶೀತಲ ಕೊಠಡಿಯಲ್ಲಿ ಸುರಕ್ಷಿತವಾಗಿದೆ, ಸಂಸ್ಥೆಗಳಿಗೆ ಮಾತ್ರ ಕೊಡಲಾಗುವುದು ಎಂದಿರಿ. "ಹ್ವಾಯ್, ನಾ ಸಂಸ್ಥೆ ಅಲ್ದೇ ಇಪ್ದ್ ನನ್ ತಪ್ಪಾ?" ಎಂದು ಅವರು ಕೇಳಿದ್ದಕ್ಕೆ ನಿಮ್ಮ ಗುಮಾಸ್ತರು ಕಿಸಕ್ಕನೆ ನಕ್ಕರು. ಗಿಡದ ಜೀನ್ ಕೂಡ ಚಳಿ ತಾಗಿದ ಗಳಿಗೆಯಲ್ಲಿ ಏಳುತ್ತದೆ. ನಿಮ್ಮನ್ನು ಏಳಿಸಲು ಏನು ತಾಗಿಸಬೇಕು, ಸ್ವಾಮಿ? ನಿಮ್ಮ ವಾರ್ಷಿಕ ವರದಿಯಲ್ಲಿ ಶೀತ ಸಹಿಷ್ಣುತೆಯ ಬಗ್ಗೆ ಎರಡು ಪುಟ ಇದೆಯಂತೆ, ಕೊನೆಗೆ "ಸಹಕರಿಸಿದ ರೈತರಿಗೆ ವಂದನೆಗಳು." ಆ ರೈತ ಆಗ ಖಾಲಿ ಗದ್ದೆಯ ಬದುವಿನಲ್ಲಿ ಕೂತಿದ್ದರು. ಪ್ರತಿ ವರ್ಷ ಸಸಿಗೆಂದು ಅಗೆ ಹಾಕುವ ಜಾಗವನ್ನು ಉತ್ತು ಹದಮಾಡಿ ಕಾಯುತ್ತಿದ್ದರು. ಪಕ್ಕದ ಮನೆಯ ನಾಗು ಬೇರೆ ಬೀಜ ತಂದುಕೊಟ್ಟರೂ ಮುಟ್ಟಲಿಲ್ಲ.

ಹೋದ ಮಾಗಿಯಲ್ಲಿ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ "ಬಿತ್ತ್ ಬಂತಾ?" ಎಂದು ಕೇಳಿದರು.

"ಬಂತ್" ಎಂದೆ.

"ಹಾಂಗಾರೆ ಗದ್ದಿಗೆ ನೀರ್ ಬಿಡ್" ಎಂದರು. ಬಿತ್ತಲು ಏನೂ ಇಲ್ಲದ ಗದ್ದೆಗೆ ನಾನು ಹೋಗಿ ನೀರು ಬಿಟ್ಟು ಬಂದೆ. ಮೂರನೆಯ ದಿನ ಅವರು ಹೋದರು.

ನನಗೆ ಪರಿಹಾರ ಬೇಡ, ಶಾಲು ಸನ್ಮಾನ ಬೇಡ. ಬರುವ ಸುಗ್ಗಿಯೊಳಗೆ ಆ ಭತ್ತ ಒಂದು ಹಿಡಿಯಾದರೂ ಬಿಜೂರಿಗೆ ಬರಬೇಕು. ನಿಮ್ಮ ಕೊಠಡಿಯಲ್ಲಿ ಅದು ಸತ್ತುಹೋಗಿದ್ದರೆ ಹಾಗೆಂದೇ ಬರೆದು ಸಹಿ ಹಾಕಿ ಕಳಿಸಿ. ಬದುಕಿದ್ದರೆ, ಸಾಯುವವರಿಗೆ ನಾನು ಹೇಳಿದ ಸುಳ್ಳನ್ನು ನಿಜ ಮಾಡಿಕೊಡಿ.

ಇಂತಿ,
ಯಾವ ಸಂಸ್ಥೆಯೂ ಅಲ್ಲದ,
ಸುಗುಣ, ಚಂದಯ್ಯನ ಹೆಂಡತಿ
ಬಿಜೂರು