ಕಾಣೆಯಾದ ಬೋನು

ಜೂನ್ ೧೪, ಶನಿವಾರ

ದಾಳದ ಆಟ ನಿಂತರೂ ಎದೆಯೊಳಗಿನ ಅಳುಕು ನಿಂತಿಲ್ಲ.

ಭಾವ ಕತೆ ಹೇಳುತ್ತ ಹೋಗುತ್ತಾರೆ, ನಾವು ಅದರೊಳಗಿನ ಪಾತ್ರಗಳಾಗಿ ದಾಳ ಉರುಳಿಸಿ ಆಡುತ್ತೇವೆ. ಆ ಕತೆಯ ರಾಕ್ಷಸರ ಲೋಕದಲ್ಲಿ ನನ್ನದು ಬೋನು ಮಾಡಿ ಒಡ್ಡುವ ಕಸುಬು. "ನೀನು ಅದನ್ನ ಒಡ್ಡೋ ಹೊತ್ತಿಗೆ ನಾನು ಕೊಂದು ಕೈ ತೊಳ್ಕೊಂಡಿರ್ತೀನಿ ಕಣಕ್ಕ," ಎಂದು ಕತ್ತಿ ಹಿಡಿಯುವ ತಮ್ಮ ಸದಾ ಹಂಗಿಸುತ್ತಾನೆ. ಆ ಹಟಕ್ಕೇ ಇಂದು ಮೂರು ಸರದಿ ಕಳೆದು, ಗವಿಯ ಬಾಯಲ್ಲಿ ಕಬ್ಬಿಣದ ಹಲ್ಲಿನ ಬೋನು ಹೂತಿಟ್ಟೆ. ಒಳಗೆ ಹೋಗಿ ಮರಳಿದರೆ ಬೋನೇ ಇಲ್ಲ.

"ಏನಾದ್ರೂ ಸಿಕ್ಕಿಬಿತ್ತಾ, ಭಾವ?"

ಕತೆ ನಡೆಸುವ ಭಾವ ತಲೆಯೆತ್ತಲಿಲ್ಲ. "ಇಲ್ಲ ಕಣಮ್ಮ. ಯಾರೋ ಹುಷಾರಾಗಿ ಬಿಚ್ಕೊಂಡು ಹೋಗಿದ್ದಾರೆ. ಗುಂಡಿನೂ ಮುಚ್ಚಿದ್ದಾರೆ." ಆಟವನ್ನು ಅಲ್ಲಿಗೇ ನಿಲ್ಲಿಸಿದರು.

ಮುಂದಿನ ಆಟದಲ್ಲಿ ಗವಿಯಿಂದ ಹಿಂದಿರುಗಲು ಇರುವುದು ಒಂದೇ ದಾರಿ, ಉದ್ದಕ್ಕೂ ಬೋನನ್ನು ಅಡಗಿಸಬಹುದಾದಷ್ಟು ತರಗೆಲೆ. ಮುಂದೆ ನಡೆಯುವವನು ತಮ್ಮ. ಬೋನು ಕೆಲಸಕ್ಕೆ ಬಾರದ್ದಲ್ಲವೆಂದು ಗೊತ್ತಿದ್ದದ್ದು ನನಗೊಬ್ಬಳಿಗೇ. ಈಗ ಅದನ್ನು ಒಯ್ದವರಿಗೂ ಗೊತ್ತು.